ಕುಮಾರ ಪರ್ವತದ ಇಳಿದಾರಿ

ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋದವರು ದೇವಸ್ಥಾನದ ಹಿಂದೆ ಎದ್ದು ನಿಂತ ಬೆಟ್ಟಸಾಲನ್ನು ನೋಡದೆ ಬಂದಿರಲಾರರು. ಹೆಡೆ ಬಿಚ್ಚಿದ ಹಾವಿನಂತೆ ಕಾಣುವುದು ಶೇಷಪರ್ವತ. ಅದರ ಬೆನ್ನಿಗೆ ಮರೆಯಾಗಿ ಕುಳಿತಿರುವುದು ಕುಮಾರ ಪರ್ವತ. ಕೊಡಗಿನ ಕಡೆಯವರಿಗೆ ಅದು ಪುಷ್ಪಗಿರಿ. ಎತ್ತರ 1712 ಮೀಟರ್. ಮುಳ್ಳಯ್ಯನಗಿರಿ ಇದಕ್ಕಿಂತ ಎತ್ತರವೇನೋ ಹೌದು, ಆದರೆ ಅಲ್ಲಿ ವಾಹನ ಹೆಚ್ಚುಕಡಿಮೆ ತುದಿಯವರೆಗೆ ಹೋಗುತ್ತದೆ. ಇಲ್ಲಿ ಊರಿನ ಅಂಚಿನಿಂದಲೇ ನಡಿಗೆ. ಸುಮಾರು 13 ಕಿಲೋಮೀಟರ್ ದೂರದಲ್ಲಿ ಒಂದೂವರೆ ಸಾವಿರ ಮೀಟರಿಗೂ ಮಿಕ್ಕಿ ಏರಬೇಕು. ರಾಜ್ಯದ ಕಷ್ಟದ ಚಾರಣಗಳ ಪೈಕಿ ಇದರ ಹೆಸರು ಮೊದಲು ಬರುವುದು ಸುಮ್ಮನೆ ಅಲ್ಲ.

ಅಸುರ ಸಂಹಾರ ಮುಗಿಸಿದ ಕುಮಾರಸ್ವಾಮಿ ಈ ಪರ್ವತಕ್ಕೆ ಬಂದು ತನ್ನ ಶಕ್ತ್ಯಾಯುಧವನ್ನು ತೊಳೆದದ್ದು ಕುಮಾರಧಾರೆಯಲ್ಲಿ ಎನ್ನುತ್ತದೆ ಸ್ಥಳಪುರಾಣ. ಭೂಗೋಳವೂ ಪುರಾಣದ ಜೊತೆಗೇ ಇದೆ. ಕುಮಾರಧಾರೆ ಹುಟ್ಟುವುದು ಈ ಬೆಟ್ಟಗಳಲ್ಲೇ. ಸೋಮವಾರಪೇಟೆ ಕಡೆ ಮಲ್ಲಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಕುಕ್ಕೆಯಲ್ಲಿ ಭಕ್ತರ ಸ್ನಾನಘಟ್ಟವಾಗಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುತ್ತದೆ.

ನಾವು ಐವರು ಹೊರಟದ್ದು 2013ರ ಅಕ್ಟೋಬರ್ ಕೊನೆಯ ಒಂದು ಶನಿವಾರ. ಮಳೆ ನಿಂತಿತ್ತು, ಆದರೆ ಕಾಡು ಇನ್ನೂ ಒಣಗಿರಲಿಲ್ಲ. ತಂಡದಲ್ಲಿ ಒಬ್ಬರು ಹೈಸ್ಕೂಲು ಮೇಷ್ಟ್ರು, ಒಬ್ಬರು ಬ್ಯಾಂಕಿನವರು, ಸುಳ್ಯದ ಅಡಿಕೆ ಕೃಷಿಕ ಗೆಳೆಯ, ಅವನ ತಮ್ಮ ಮತ್ತು ನಾನು. ಬೆನ್ನಿಗೆ ಡೇರೆ, ಹೊದಿಕೆ, ಅವಲಕ್ಕಿ, ಬಾಳೆಹಣ್ಣು. ಬ್ಯಾಂಕಿನವರ ಚೀಲದಲ್ಲಿ ಮಾತ್ರ ಇಸ್ತ್ರಿ ಮಾಡಿದ ಒಂದು ಅಂಗಿಯೂ ಇತ್ತು. ಸೋಮವಾರ ಬೆಳಿಗ್ಗೆ ಶಾಖೆಯ ತಿಜೋರಿ ತೆರೆಯಬೇಕಾದ ಕೀಲಿ ಅವರ ಬಳಿಯೇ ಇದ್ದುದು ಆಮೇಲೆ ತಿಳಿಯಿತು.

ಮೊದಲ ಆರು ಕಿಲೋಮೀಟರ್ ಪೂರ್ತಿ ಮಳೆಕಾಡು. ಬೇರುಗಳೇ ಮೆಟ್ಟಿಲು. ಹತ್ತುವಾಗ ಯಾರೂ ಕಾಡನ್ನು ನೋಡುವುದಿಲ್ಲ ಎಂಬುದು ನನ್ನ ಅನುಭವ. ಕಣ್ಣು ಮುಂದಿನವನ ಹಿಮ್ಮಡಿಯ ಮೇಲೆ, ಕಿವಿ ತನ್ನದೇ ಏದುಸಿರಿನ ಮೇಲೆ. ಮಧ್ಯೆ ಭೀಮನ ಕಲ್ಲು ಎಂಬ ದೊಡ್ಡ ಬಂಡೆಯ ಬಳಿ ಕುಳಿತಾಗ ಇಂಬಳ ಕೀಳುವ ಕಾರ್ಯಕ್ರಮ. ಇಂಬಳ ಕಚ್ಚಿದ್ದು ಗೊತ್ತಾಗುವುದಿಲ್ಲ, ಬಿಟ್ಟ ಮೇಲೂ ರಕ್ತ ನಿಲ್ಲುವುದಿಲ್ಲ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ್ಯ ಅದರ ಜೊಲ್ಲಿನಲ್ಲೇ ಇದೆ. ಕೃಷಿಕ ಗೆಳೆಯ ಹೊಗೆಸೊಪ್ಪು, ಸುಣ್ಣ ತಿಕ್ಕಿ ಬಟ್ಟೆಯ ಗಂಟು ಕಟ್ಟಿಕೊಂಡು ಬಂದಿದ್ದ. ಮುಟ್ಟಿಸಿದರೆ ಸಾಕು, ಉದುರುತ್ತಿತ್ತು.

ಮಧ್ಯಾಹ್ನ ಗಿರಿಗದ್ದೆ. ಕಾಡಿನ ನಡುವೆ ಒಂಟಿ ಮನೆ, ಅಂಗಳ, ತೋಟ. ಚಾರಣಿಗರೆಲ್ಲರಿಗೂ ಅದು ‘ಭಟ್ಟರ ಮನೆ’. ಕುಚ್ಚಲಕ್ಕಿ ಅನ್ನ, ಸಾಂಬಾರು, ಮಜ್ಜಿಗೆ, ಉಪ್ಪಿನಕಾಯಿ. ಆ ಏರು ಹತ್ತಿದವರಿಗೆ ಮದುವೆಯೂಟವೂ ಇದರ ಮುಂದೆ ಸಪ್ಪೆ. ಅಲ್ಲಿಂದ ಸ್ವಲ್ಪ ಮೇಲೆ ಅರಣ್ಯ ಇಲಾಖೆಯ ತಪಾಸಣಾ ಠಾಣೆ. ಆಗ ಅದರ ಪಕ್ಕದಲ್ಲಿ ಡೇರೆ ಹಾಕಲು ಅವಕಾಶವಿತ್ತು. ಸಂಜೆಗತ್ತಲಾಗುತ್ತಲೇ ಜೀರುಂಡೆಗಳ ಸದ್ದು ಒಮ್ಮೆಲೇ ಎದ್ದಿತು, ಯಾರೋ ಸನ್ನೆ ಮಾಡಿದಂತೆ ಒಮ್ಮೆಲೇ ನಿಂತಿತು. ಮೇಷ್ಟ್ರು ನಕ್ಷತ್ರಗಳ ಪಾಠ ಶುರು ಮಾಡುವ ಹೊತ್ತಿಗೆ ಉಳಿದವರೆಲ್ಲ ನಿದ್ದೆಗೆ ಜಾರಿದ್ದರು.

ಗಿರಿಗದ್ದೆಯಿಂದ ಮೇಲೆ ಬೇರೆಯದೇ ಲೋಕ. ಕಾಡು ಹಿಂದೆ ಸರಿದು ಹುಲ್ಲುಗಾವಲು ಬರುತ್ತದೆ. ಗಾಳಿ ಬಡಿಯುವ, ಮಣ್ಣು ತೆಳುವಾದ ಬೋಳು ನೆತ್ತಿಗಳಲ್ಲಿ ಹುಲ್ಲು. ನೀರು ಇಳಿಯುವ ಮಡಿಕೆಗಳಲ್ಲಿ ಮಾತ್ರ ಕುಳ್ಳ ಮರಗಳ ಶೋಲಾ ಕಾಡು. ಜೂನ್‌ನಿಂದ ಸುರಿಯುವ ಮಳೆಯನ್ನು ಹುಲ್ಲಿನ ಬೇರು, ಕೊಳೆತ ಎಲೆಯ ಹಾಸು ಹಿಡಿದಿಟ್ಟು ಬೇಸಿಗೆಯವರೆಗೆ ಹನಿಹನಿಯಾಗಿ ಬಿಡುತ್ತವೆ. ಕಲ್ಲು ಮಂಟಪದ ಬಳಿ ನಾವು ಬಾಟಲಿಗೆ ತುಂಬಿಕೊಂಡ ನೀರು ಅಂಥದ್ದೇ.

ಶೇಷಪರ್ವತದ ನೆತ್ತಿ, ಮತ್ತೊಂದು ಸಣ್ಣ ಕಾಡು, ಕೈಕಾಲು ಎರಡನ್ನೂ ಊರಬೇಕಾದ ಜಾರುಬಂಡೆ. ಇಷ್ಟು ದಾಟಿ ಶಿಖರ ಮುಟ್ಟಿದಾಗ ಒಂಬತ್ತೂವರೆ. ಕಲ್ಲುಗುಪ್ಪೆಗಳು, ಗಾಳಿ, ಕೆಳಗೆ ಮೋಡ. ಶಿಖರದ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲು ನನಗೆ ಏನೂ ತೋಚುವುದಿಲ್ಲ.

ಇಳಿಯುವಾಗ, ಶೇಷಪರ್ವತದ ಕೆಳಗೆ, ಬ್ಯಾಂಕಿನವರ ಬಲಮೊಣಕಾಲು ಮುಷ್ಕರ ಹೂಡಿತು. ಮೊದಲು ನೋವು, ಆಮೇಲೆ ಬಾವು, ಕೊನೆಗೆ ಕಾಲು ಮಡಚುವುದೇ ಕಷ್ಟ. ಗಿರಿಗದ್ದೆ ತಲುಪುವಾಗ ಎರಡೂವರೆ ಗಂಟೆ. ಇನ್ನೊಂದು ರಾತ್ರಿ ಇಲ್ಲೇ ಇರೋಣ ಎಂದರು ಮೇಷ್ಟ್ರು. ಕೀಲಿಯ ವಿಷಯ ಹೊರಬಿದ್ದದ್ದು ಆಗ. “ನೀವು ಮುಂದೆ ಹೋಗಿ ಮಾರಾಯ್ರೆ, ನಾನು ಮೆಲ್ಲ ಬರ್ತೇನೆ” ಎಂದರು ಬ್ಯಾಂಕಿನವರು. ಆನೆ ಓಡಾಡುವ ಕಾಡಿನಲ್ಲಿ, ಕತ್ತಲಾಗುವ ಹೊತ್ತಿಗೆ, ಒಂಟಿಯಾಗಿ, ಕುಂಟುತ್ತ! “ಕೀಲಿ ನಾವು ತಗೊಂಡು ಹೋಗ್ತೇವೆ, ನೀವು ಇಲ್ಲೇ ಇರಿ” ಎಂದ ಕೃಷಿಕ. ನಗು ಬಂತು, ಆದರೆ ಕೀಲಿ ಯಾರಿಗೂ ಕೊಡುವಂಥದ್ದಲ್ಲ. ಕೊನೆಗೆ ಅವರ ಹೊರೆಯನ್ನು ನಾಲ್ವರೂ ಹಂಚಿಕೊಂಡೆವು. ಬಿದ್ದಿದ್ದ ಒಂದು ಗಟ್ಟಿ ಕೋಲು ಅವರ ಕೈಗೆ ಬಂತು. ಅವರೇ ಮುಂದೆ, ನಾವು ಹಿಂದೆ.

ಎರಡು ಗಂಟೆಯಲ್ಲಿ ಇಳಿಯಬಹುದಾದ ದಾರಿಗೆ ನಾಲ್ಕೂವರೆ ಗಂಟೆ ಹಿಡಿಯಿತು. ಕಾಡನ್ನು ನಾನು ನೋಡಿದ್ದು ಆ ನಾಲ್ಕೂವರೆ ಗಂಟೆಯಲ್ಲಿ.

ಹತ್ತು ಹೆಜ್ಜೆಗೊಮ್ಮೆ ನಿಲ್ಲಬೇಕಾದಾಗ ತಲೆ ಎತ್ತದೆ ವಿಧಿಯಿಲ್ಲ. ಧೂಪದ ಮರಗಳು ಕೊಂಬೆಯೇ ಇಲ್ಲದೆ ನೆಟ್ಟಗೆ ಎಷ್ಟೋ ಎತ್ತರ ಹೋಗಿ ಅಲ್ಲಿ ಕೊಡೆ ಬಿಚ್ಚಿದ್ದವು. ಬುಡದಲ್ಲಿ ಗೋಡೆಯಂತೆ ನಿಂತ ಹಲಗೆ ಬೇರುಗಳು. ಇಷ್ಟು ದೊಡ್ಡ ಮರ ನಿಲ್ಲಲು ಆಳದ ಬೇರು ಬೇಡವೇ ಎಂದರೆ, ಇಲ್ಲಿ ಸಾರವೆಲ್ಲ ಇರುವುದು ಮೇಲಿನ ತೆಳು ಪದರದಲ್ಲಿ. ಬಿದ್ದ ಎಲೆ ಬೇಗ ಕೊಳೆತು ಮತ್ತೆ ಮರಕ್ಕೇ ಹೋಗುತ್ತದೆ. ನೆಲದಲ್ಲಿ ಉಳಿತಾಯ ಕಡಿಮೆ, ಚಲಾವಣೆಯೇ ಎಲ್ಲ. ಹೀಗೆ ಹೇಳಿದ್ದು ನಮ್ಮ ಬ್ಯಾಂಕಿನವರೇ, ಹಲ್ಲು ಕಚ್ಚಿಕೊಂಡು ಬೇರಿನ ಮೇಲೆ ಕುಳಿತಾಗ. ಕೆಂಜಳಿಲು ಒಂದು ಉದ್ದ ಬಾಲ ಇಳಿಬಿಟ್ಟು ನಮ್ಮನ್ನು ಬೈಯುತ್ತಿತ್ತು. ಉಗಿಬಂಡಿ ಹೊರಟಂತೆ ಸದ್ದಾಯಿತು. ಮಂಗಟ್ಟೆ ಜೋಡಿ ಮರದ ತಲೆಯ ಮೇಲಿಂದ ಹಾರಿಹೋಯಿತು. ದೊಡ್ಡ ಹಣ್ಣುಗಳನ್ನು ನುಂಗಿ ಬೀಜವನ್ನು ದೂರ ಒಯ್ದು ಬಿತ್ತುವ ರೈತ ಅದು.

ಹೊರಗೆ ಸೂರ್ಯ ಮುಳುಗುವ ಮುನ್ನವೇ ಕಾಡಿನೊಳಗೆ ಕತ್ತಲು. ಆರು ಗಂಟೆಯ ಮೇಲೆ ಟಾರ್ಚಿನ ಬೆಳಕಿನಲ್ಲಿ ಒಂದೊಂದೇ ಹೆಜ್ಜೆ. ಹಣೆಯ ಮಟ್ಟಕ್ಕೆ ಹಿಡಿದರೆ ನೆಲದ ಎಲೆಗಳ ನಡುವೆ ಹಸಿರು ಕಿಡಿಗಳು ಮಿನುಗುತ್ತಿದ್ದವು. ಅವು ಜೇಡಗಳ ಕಣ್ಣು. ಒಂದು ಕಡೆ ಬಿದಿರು ಮುರಿದ ಸದ್ದಾಗಿ ಐವರೂ ಟಾರ್ಚ್ ಆರಿಸಿ ನಿಂತೆವು. ಎಷ್ಟು ಹೊತ್ತು ಎಂದು ಯಾರೂ ಗಡಿಯಾರ ನೋಡಲಿಲ್ಲ. ಮತ್ತೆ ಸದ್ದಾಗಲಿಲ್ಲ. ಬ್ಯಾಂಕಿನವರು ಕೋಲನ್ನು ಎಡಗೈಗೆ ಬದಲಾಯಿಸಿ, ಬಲಗೈಯಿಂದ ಮೇಷ್ಟ್ರ ಭುಜ ಹಿಡಿದುಕೊಂಡರು. ಊರು ಮುಟ್ಟುವವರೆಗೂ ಬಿಡಲಿಲ್ಲ. ಏಳೂವರೆಗೆ ಕುಕ್ಕೆಯ ದೀಪ ಕಂಡಿತು. ರಾತ್ರಿ ಬಸ್ಸು ಸಿಕ್ಕಿತು, ತಿಜೋರಿ ಹೊತ್ತಿಗೆ ಸರಿಯಾಗಿ ತೆರೆಯಿತು.

ಪುಷ್ಪಗಿರಿ ವನ್ಯಧಾಮವಾದದ್ದು 1987ರಲ್ಲಿ. 2012ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಇದೂ ಒಂದು. 2024ರ ಜನವರಿಯ ಗಣರಾಜ್ಯೋತ್ಸವದ ರಜೆಯಲ್ಲಿ ಇದೇ ದಾರಿಯಲ್ಲಿ ಜಾತ್ರೆಯಂತೆ ಜನ ಸಾಲುಗಟ್ಟಿದ ಚಿತ್ರಗಳು ಎಲ್ಲೆಡೆ ಹರಿದಾಡಿದವು. ಸರ್ಕಾರ ಚಾರಣ ನಿಲ್ಲಿಸಿ, ಅದೇ ವರ್ಷ ಆನ್‌ಲೈನ್ ಬುಕಿಂಗ್ ಕಡ್ಡಾಯ ಮಾಡಿ ಮತ್ತೆ ತೆರೆಯಿತು. ಇದು ಸರಿಯಾದ ಕೆಲಸ. ಆ ತೆಳು ಮಣ್ಣು ಸಾವಿರಾರು ಬೂಟುಗಳಿಗೆ ಆದದ್ದಲ್ಲ, ಕಲ್ಲು ಮಂಟಪದ ನೀರು ಅಷ್ಟು ಬಾಟಲಿಗಳಿಗೂ ಆದದ್ದಲ್ಲ. ಸಂಖ್ಯೆಗೆ ಮಿತಿ ಬಂದರೂ ಆತುರಕ್ಕೆ ಮಿತಿ ಬಂದಿಲ್ಲ ಎಂಬುದಷ್ಟೇ ನನ್ನ ತಕರಾರು. ಎಷ್ಟು ಗಂಟೆಯಲ್ಲಿ ಹತ್ತಿ ಇಳಿದೆವು ಎಂಬುದೇ ಈಗಲೂ ಹೆಚ್ಚಿನವರ ಲೆಕ್ಕ.

ಹೋಗುವವರಿಗೆ: ಬೆಂಗಳೂರಿನಿಂದ ಕುಕ್ಕೆಗೆ ಸುಮಾರು 280 ಕಿ.ಮೀ., ರಾತ್ರಿ ಬಸ್ಸುಗಳಿವೆ. ರೈಲಿನಲ್ಲಾದರೆ ನೆಟ್ಟಣದಲ್ಲಿರುವ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿಯಬೇಕು. ಅಕ್ಟೋಬರ್‌ನಿಂದ ಫೆಬ್ರುವರಿ ಒಳ್ಳೆಯ ಕಾಲ. ಶಿಖರದಲ್ಲಿ ಡೇರೆ ಹಾಕುವಂತಿಲ್ಲ; ಗಿರಿಗದ್ದೆಯಲ್ಲಿ ರಾತ್ರಿ ತಂಗುವ ಬಗ್ಗೆ ಹೊರಡುವ ಮುನ್ನ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ. ಬೇಸಿಗೆ ಹತ್ತಿರವಾದಂತೆ ಕಲ್ಲು ಮಂಟಪದ ನೀರನ್ನು ನಂಬಬೇಡಿ, ಗಿರಿಗದ್ದೆಯಲ್ಲೇ ತುಂಬಿಕೊಳ್ಳಿ. ಮೊಣಕಾಲಿಗೆ ಪಟ್ಟಿ ಇರಲಿ.