ಬ್ಯಾನಿಗೆ ನಂಬರ್ ಕೊಡೂದು

ಆಪರೇಶನ್ ಆಗಿ ನಾಲ್ಕು ತಿಂಗಳಾತು. ಫೋನ್ ಮಾಡಿದವರೆಲ್ಲ ಮೊದಲ ಕೇಳೂದು "ಗಡ್ಡಿ ಪೂರಾ ತಗದಾರೇನವಾ?" ಅಂತ. ತಗದಾರ. ದೊಡ್ಡ ಕರಳಿನ ಎಡಗಡೆದೊಂದು ತುಂಡು ಕತ್ತರಿಸಿ ತಗದು, ಎರಡೂ ತುದಿ ಕೂಡಿಸಿ ಹೊಲದಾರ. ಆಮೇಲೆ ಧ್ವನಿ ಸಣ್ಣ ಮಾಡಿ ಕೇಳ್ತಾರ, "ಭಾಳ ಬ್ಯಾನಿ ಆತೇನು?" ಅದಕ್ಕ ನಾ ಎಲ್ಲಾರಿಗೂ "ಏನಿಲ್ಲ ಬಿಡ್ರಿ, ನಡೀತು" ಅಂದೇನಿ. ಅದು ಸುಳ್ಳು. ನಿಮಗೆಲ್ಲಾ ಖರೇ ಹೇಳೋಣಂತ ಇವತ್ತು ಬರೀಲಿಕ್ಕೆ ಕೂತೇನಿ.

ಮೊದಲ ಎರಡು ದಿನ ಏನೂ ಗೊತ್ತಾಗಲಿಲ್ಲ. ಬೆನ್ನಾಗ ಒಂದು ದಾರದಂಥಾ ಸಣ್ಣ ನಳಿಗಿ ಹಾಕಿ ಅದರಾಗ ಔಷಧ ಬಿಡ್ತಿದ್ರು. ಹೊಟ್ಟಿ ನಂದ ಹೌದೋ ಅಲ್ಲೋ ಅನ್ನೂವಷ್ಟು ಹಗರ. ಮೂರನೇ ದಿನ ಅದನ್ನ ತಗದ್ರು. ಮಧ್ಯಾಹ್ನ ನರ್ಸ್ ಬಂದು, "ಅಮ್ಮಾ, ಸೊನ್ನೆಯಿಂದ ಹತ್ತರ ತನಕ ನಂಬರ್ ಕೊಡ್ರಿ. ಸೊನ್ನೆ ಅಂದ್ರ ಬ್ಯಾನಿನ ಇಲ್ಲ, ಹತ್ತು ಅಂದ್ರ ಇನ್ನ ತಡಕೊಳ್ಳಿಕ್ಕೆ ಆಗೂದೇ ಇಲ್ಲ" ಅಂದ್ಲು. ನಾ ಎರಡು ಅಂದೆ.

ಇದ್ದದ್ದು ಏಳು.

ಯಾಕ ಹಂಗಂದೆ ಅಂತ ನಿಮಗ ತಿಳಸಿ ಹೇಳೂದು ಬ್ಯಾಡ. ನಾವೆಲ್ಲಾ ಒಂದ ಅಂಗಳದಾಗ ಬೆಳದವರು. ಎರಡೂ ಬಾಣಂತನದಾಗ ನಾ ಒಂದ ಸರೆ ಒದರಲಿಲ್ಲ ಅಂತ ನಮ್ಮತ್ತಿಯವರು ಓಣಿ ತುಂಬ ಹೇಳಿಕೋತ ಅಡ್ಡಾಡಿದ್ರು. ಅದೊಂದು ಬಂಗಾರದ ಪದಕ ಇದ್ದಂಗ ಕೊರಳಾಗ ಹಾಕ್ಕೊಂಡ ಇದ್ದೆ. ಮ್ಯಾಲೆ ಒಂದು ಅಂಜಿಕಿ: ಬ್ಯಾನಿ ಗುಳಿಗಿ ಚಟ ಹತ್ತತದ, ಕಿಡ್ನಿ ಹೋಗ್ತದ. ಯಾರು ಹೇಳಿದ್ರೋ ಏನೋ, ತಲ್ಯಾಗ ಕೂತುಬಿಟ್ಟಿತ್ತು. ಕಾಗದದ ಕಪ್ಪಿನ್ಯಾಗ ಇಟ್ಟ ಗುಳಿಗಿ ದಿಂಬಿನ ಬುಡಕ ಹೋತು.

ಆ ರಾತ್ರಿ ಕೆಮ್ಮು ಬರ್ತಿತ್ತು, ನುಂಗಿದೆ. ಕೆಮ್ಮಿದ್ರ ಹೊಲಿಗಿ ಬಿಚ್ಚಿ ಹೋದಂಗ ಅನಸ್ತಿತ್ತು. ಮೂರು ಗುಂಡಿನ ಯಂತ್ರ ಕೊಟ್ಟಿದ್ರು, ಉಸಿರು ಜಗ್ಗಿ ಗುಂಡು ಮ್ಯಾಲೆ ಏರಸಬೇಕು. ಅದನ್ನ ಮುಟ್ಟಲಿಲ್ಲ. "ಏಳ್ರಿ, ನಾಲ್ಕು ಹೆಜ್ಜಿ ನಡೀರಿ" ಅಂದ್ರ ನಿದ್ದಿ ಬಂದವರಂಗ ಕಣ್ಣು ಮುಚ್ಚಿದೆ. ಗುಬ್ಬಿ ಉಸಿರು ಅಂತಾರಲ್ಲ, ಅಷ್ಟಷ್ಟ ಉಸಿರಾಡಕೋತ ಬೆಳಕು ಹರಸಿದೆ.

ಮುಂಜಾನೆ ಜ್ವರ. ಬೆರಳಿಗೆ ಹಾಕಿದ ಕ್ಲಿಪ್ಪಿನ್ಯಾಗ ಆಕ್ಸಿಜನ್ ಇಳದಿತ್ತು. ಕರಳು ಕೂಡಿಸಿದ ಜಾಗಾ ಸೋರಲಿಕ್ಕೆ ಹತ್ತೇದೇನೋ ಅಂತ ಡಾಕ್ಟರು ಅಂಜಿ ಸ್ಕ್ಯಾನಿಗೆ ಒಯ್ದ್ರು. ಹಂಗೇನರೆ ಆಗಿದ್ರ ಮತ್ತ ಹೊಟ್ಟಿ ತಗೀಬೇಕಿತ್ತು. ಬಾಗಲದಾಗ ನಿಂತ ನನ್ನ ಮಗನ ಮಾರಿ ಸುಣ್ಣ ಹಚ್ಚಿದ ಗ್ವಾಡಿ ಆಗಿತ್ತು. ದೇವರು ದೊಡ್ಡಾಂವ, ಹೊಲಿಗಿ ಗಟ್ಟಿ ಇತ್ತು. ಆಗಿದ್ದು ಪುಪ್ಪುಸಕ್ಕ. ಆಳಾಗಿ ಉಸಿರು ತಗೋಳಾರದ್ದಕ್ಕ, ಕೆಮ್ಮಾರದ್ದಕ್ಕ ಅದರ ಕೆಳಗಿನ ಭಾಗ ಮುಚ್ಚಿಕೊಂಡು, ಕಫ ನಿಂತಿತ್ತು.

ಅರವಳಿಕಿ ಡಾಕ್ಟರು, ನನ್ನ ಮಗಳ ವಯಸ್ಸಿನ ಹುಡಿಗಿ, ಸ್ಟೂಲ್ ಎಳಕೊಂಡು ಕೂತ್ಲು. ಬೈಲಿಲ್ಲ. "ಅಮ್ಮಾ, ನಿಮ್ಮ ಬ್ಯಾನಿ ನನಗ ಕಾಣಂಗಿಲ್ಲ. ನೀವು ಹೇಳಿದ ನಂಬರ್ ಅಷ್ಟ ನನ್ನ ಕಡೆ ಇರೂದು. ಎರಡಂದ್ರ ಎರಡರ ಔಷಧ ಕೊಡ್ತೇನಿ. ಸೊನ್ನೆ ಮಾಡಿಕೊಡೂದು ಆಗಂಗಿಲ್ಲ, ಆದ್ರ ಕೆಮ್ಮಲಿಕ್ಕೆ, ಎದ್ದು ನಡೀಲಿಕ್ಕೆ ಬರಬೇಕು, ಅಷ್ಟಕ್ಕ ಇಳಸಬೇಕು" ಅಂದ್ಲು. ನಾ ದಿಂಬಿನ ಬುಡಕಿನ ಗುಳಿಗಿ ತಗದು ಕೈಯಾಗ ಇಟ್ಟೆ.

ಅವತ್ತಿನಿಂದ ಗಡಿಯಾರದ ಪ್ರಕಾರ. ಪ್ಯಾರಾಸಿಟಮಾಲ್ ಆರು ತಾಸಿಗೊಮ್ಮೆ, ಬ್ಯಾನಿ ಇರಲಿ ಬಿಡಲಿ. ಬ್ಯಾನಿ ಏರಿದ ಮ್ಯಾಲೆ ಗುಳಿಗಿ ತಗೊಂಡ್ರ, ಹಾಲು ಉಕ್ಕಿದ ಮ್ಯಾಲೆ ಒಲಿ ಸಣ್ಣ ಮಾಡಿದಂಗ. ಡೋಸ್ ಮಾತ್ರ ಅವರವರ ತೂಕ ನೋಡಿ ಡಾಕ್ಟರ ಬರೀಬೇಕು. ಇನ್ನೊಂದು, ನೆಗಡಿ ಗುಳಿಗ್ಯಾಗೂ ಇದ ಔಷಧ ಇರ್ತದ, ಅದನ್ನೂ ಲೆಕ್ಕಕ್ಕ ಹಿಡೀರಿ. ಹೆಚ್ಚಾದ್ರ ಲಿವರಿಗೆ ಪೆಟ್ಟು. ಜೋರಿನ ಗುಳಿಗಿ, ಟ್ರಾಮಡಾಲ್, ನಡಿಯೂಕ್ಕಿಂತ ಅರ್ಧಾ ತಾಸು ಮೊದಲ ಕೊಡ್ತಿದ್ರು. ಅದು ಹೊಟ್ಟಿ ತೊಳಸ್ತದ, ಸಂಡಾಸ ಕಟ್ಟತದ. ಕರಳಿನ ಆಪರೇಶನ್ ಆದವರಿಗೆ ಮುಕ್ಕರಿಯೂದು ಆಗಂಗಿಲ್ಲ, ಅದಕ್ಕ ಸಡಲ ಆಗೂ ಔಷಧಾನೂ ಜೋಡಿ ಕೊಟ್ರು. ಹತ್ತಿರದವರೊಬ್ಬರು ಪ್ರೀತಿಲೆ ತಮ್ಮ ಮೊಣಕಾಲಿನ ಗುಳಿಗಿ ತಂದಿದ್ರು. ಬ್ಯಾಡ್ರಿ. ಅದು ಹೊಸಾ ಹೊಲಿಗಿಗೂ ಕಿಡ್ನಿಗೂ ಸರಿ ಹೊಂದತದೋ ಇಲ್ಲೋ ಅನ್ನೂದನ್ನ ಡಾಕ್ಟರ ಹೇಳಬೇಕು.

ಔಷಧದಷ್ಟ ಉಪಯೋಗಕ್ಕ ಬಂದದ್ದು ಒಂದು ತಲಿದಿಂಬು. ಕೆಮ್ಮು ಬಂತು ಅಂದ್ರ ದಿಂಬು ಹೊಟ್ಟಿಗೆ ಗಟ್ಟಿ ಅಮಚಿ ಹಿಡದು ಕೆಮ್ಮೂದು. ನಗಬೇಕಂದ್ರೂ ಹಂಗ, ನಮ್ಮ ಮೈದನಂಥವರು ನೋಡಲಿಕ್ಕೆ ಬಂದಾಗ ಅದನ್ನ ಬಿಟ್ಟ ಇರಬಾರದು. ಏಳೂವಾಗ ನಟ್ಟಗ ಏಳಬಾರದು. ಮೊಣಕಾಲು ಮಡಚಿ, ಪೂರಾ ಮೈ ಒಂದ ಸರೆ ಮಗ್ಗಲಾಗಿ, ಕಾಲು ಕೆಳಗ ಬಿಟ್ಟು ಕೈ ಊರಿ ಏಳೂದು. ಬಲಗಡೆ ಹೆಗಲು ನೋಯಲಿಕ್ಕೆ ಹತ್ತಿದಾಗ ನಾ ಹಾರ್ಟ್ ಅಂತ ತಿಳಕೊಂಡು ಗಾಬರಿ ಆಗಿದ್ದೆ. ಡಾಕ್ಟರು ನೋಡಿ, ಅದಲ್ಲ ಅಂದ್ರು. ದುರ್ಬೀನಿನ ಆಪರೇಶನ್ ಅಲ್ಲಾ, ಹೊಟ್ಟಿ ಉಬ್ಬಸಲಿಕ್ಕೆ ಗ್ಯಾಸ್ ತುಂಬಿರ್ತಾರ, ಅದು ವಪೆಗೆ ತಾಗಿದ್ರ ಬ್ಯಾನಿ ಹೆಗಲಿಗೆ ಬರ್ತದಂತ. ನಡದಂಗ ಕಡಿಮಿ ಆತು.

ಮನಿಗೆ ಬಂದ ಮ್ಯಾಲೆ ಇವರು ಹಾಲಿನ ಲೆಕ್ಕದ ಕ್ಯಾಲೆಂಡರಿನ್ಯಾಗ, ಲೀಟರಿನ ಪಕ್ಕ, ನನ್ನ ನಂಬರ್ ಬರೀಲಿಕ್ಕೆ ಸುರು ಮಾಡಿದ್ರು. ಮುಂಜಾನೆದೊಂದು, ಸಂಜಿದೊಂದು. ಮೂವತ್ತು ವರ್ಷದಾಗ ಸಕ್ಕರಿ ಡಬ್ಬಿ ಎಲ್ಲಿ ಅದ ಅಂತ ಗೊತ್ತಿಲ್ಲದ ಮನಷಾ. ಐದು, ನಾಲ್ಕು, ನಾಲ್ಕು, ಮೂರು. ಇಳೀತಿರಬೇಕು, ಅದ ಮುಖ್ಯ. ಇಳದದ್ದು ಮತ್ತ ಏರಿತು, ಜ್ವರ ಬಂತು, ಹೊಟ್ಟಿ ಡೋಲಿನಂಗ ಬಿಗೀತು, ವಾಂತಿ ಆತು, ಗಾಳಿ ಹೋಗೂದು ನಿಂತಿತು, ಇವುದರಾಗ ಯಾವುದಾದ್ರೂ ಕಂಡ್ರ ನಂಬರ್ ಬರಕೋತ ಕೂಡಬ್ಯಾಡ್ರಿ, ದವಾಖಾನಿಗೆ ನಡೀರಿ. ಮೀನಖಂಡ ಬಾತು ನೋಯಲಿಕ್ಕೆ ಹತ್ತಿದ್ರೂ ಹಂಗ, ರಕ್ತ ಹೆಪ್ಪುಗಟ್ಟಿರಬಹುದು.

ಒಂದು ಮಾತು ಬರೀಬೇಕೋ ಬ್ಯಾಡೋ ಅಂತ ಎರಡು ದಿನ ವಿಚಾರ ಮಾಡಿದೆ. ನಮ್ಮ ಸ್ವಾದರತ್ತಿ ನೆನಪದ ಅಲ್ಲ? 1993ರಾಗ, ಹಿತ್ತಲ ಖೋಲ್ಯಾಗ. ಇದ ಜಡ್ಡು. ಅಕಿ ಒದರೂದು ಓಣಿ ತನಕ ಕೇಳಸ್ತಿತ್ತು, ನಾವು ಹುಡುಗೂರು ಕಿವಿ ಮುಚ್ಚಿಕೋತಿದ್ವಿ. ಹಿರಿಯಾರು ಪ್ರಾರಬ್ಧ ಅಂದ್ರು. ಆ ಡಾಕ್ಟರ್ ಹುಡಿಗಿಗೆ ಇದನ್ನ ಹೇಳಿದಾಗ ಅಕಿ ಸ್ವಲ್ಪ ಹೊತ್ತು ಸುಮ್ಮನ ಕೂತ್ಲು. ಮಾರ್ಫಿನ್ ಅಂತ ಔಷಧ ಆವಾಗೂ ಇತ್ತಂತ, ಗುಳಿಗಿನ ಅದ. 1985ರ ಮಾದಕ ವಸ್ತುಗಳ ಕಾಯದೆ ಎಷ್ಟು ಬಿಗಿ ಇತ್ತಂದ್ರ, ಲೈಸೆನ್ಸಿನ ತ್ರಾಸಿಗೆ ಎಷ್ಟೋ ದವಾಖಾನಿಯವರು ಅದನ್ನ ಇಡೂದ ಬಿಟ್ಟಿದ್ರು. 2014ರಾಗ ಕಾಯದೆ ತಿದ್ದಿ ಸಡಲ ಮಾಡ್ಯಾರ. ನನ್ನ ಗಡ್ಡಿ ಸುದ್ದಿ ಕೇಳಿದಾಗೂ ನಾ ಅತ್ತಿದ್ದಿಲ್ಲ. ಅವತ್ತು ಅತ್ತೆ. ಅತ್ತಿದು ಪ್ರಾರಬ್ಧ ಅಲ್ಲ, ಔಷಧ ಸಿಗಲಿಲ್ಲ, ಅಷ್ಟ. ನಿಮ್ಮ ಪೈಕಿ ಯಾರಿಗರೆ ಗುಣಾ ಆಗದ ಜಡ್ಡು ಇದ್ರ, "ಪ್ಯಾಲಿಯೇಟಿವ್ ಕೇರ್ ಎಲ್ಲದ?" ಅಂತ ಡಾಕ್ಟರಿಗೆ ನಾಚಿಕಿಲ್ಲದ ಕೇಳ್ರಿ.

ಈಗ ಕೀಮೋ ನಡದದ. ಅದರ ತ್ರಾಸ ಬ್ಯಾರೆ, ತಣ್ಣಂದು ಮುಟ್ಟಿದ್ರ ಬೆರಳು ಜುಮ್ಮಂದು ಮುಳ್ಳು ಚುಚ್ಚಿದಂಗ ಆಗ್ತದ. ಫ್ರಿಜ್ಜಿನ್ಯಾಗಿನ ಹಾಲು ಇವರ ತಗದು ಕೊಡ್ತಾರ. ರೊಟ್ಟಿ ಬಡಿಯೂದು ಇನ್ನ ಸೊಸಿನ. ಗಾಯದ ಕಡೆ ಒಮ್ಮೊಮ್ಮೆ ಜಗ್ಗತದ, ಕೆಳಗ ಚಕ್ಕಳಬಕ್ಕಳ ಹಾಕಿ ಕೂಡಲಿಕ್ಕೆ ಬರಂಗಿಲ್ಲ. ಇವತ್ತ ಮುಂಜಾನೆ ಕ್ಯಾಲೆಂಡರಿನ್ಯಾಗ ಎರಡು ಅಂತ ಬರಸೇನಿ. ಈ ಸರೆ ಖರೇನ ಎರಡು.