ಬಳ್ಳಿಗಾವೆಯ ಶಾಸನ, ಫ್ಲಶಿಂಗ್‌ನ ಗಣಪತಿ

ಪದವಿ ತರಗತಿಗಳಲ್ಲಿ ಶಾಸನಗಳನ್ನು ಬೋಧಿಸುವಾಗ ಕೆಲವು ಪದಗಳು ಮತ್ತೆ ಮತ್ತೆ ಎದುರಾಗುತ್ತವೆ: ಅಂಗಭೋಗ, ರಂಗಭೋಗ, ಆಹಾರದಾನ, ವಿದ್ಯಾದಾನ, ಖಂಡಸ್ಫುಟಿತ ಜೀರ್ಣೋದ್ಧಾರ. ದತ್ತಿಯಾಗಿ ಬಿಟ್ಟ ಭೂಮಿಯ ಆದಾಯ ಯಾವ ಯಾವ ಕಾರ್ಯಕ್ಕೆ ವಿನಿಯೋಗವಾಗಬೇಕೆಂಬ ಪಟ್ಟಿಯಿದು. ದೇವರ ಪೂಜೆ ಈ ಪಟ್ಟಿಯ ಮೊದಲ ಬಾಬು ಮಾತ್ರ. ರಂಗಮಂಟಪದ ಗೀತ ನೃತ್ಯಗಳು, ಊಟ, ಓದು, ಒಡೆದುದರ ದುರಸ್ತಿ ಎಲ್ಲವೂ ದೇವಾಲಯದ ಹೊಣೆಯೇ ಆಗಿದ್ದವು.

ಇದಕ್ಕೆ ಬಹು ದೊಡ್ಡ ನಿದರ್ಶನ ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೋಡಿಯ ಮಠಕ್ಕೆ ಸಂಬಂಧಿಸಿದ 1162ರ ಶಾಸನ. ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಈ ಕಾಳಾಮುಖ ಮಠವನ್ನು ಅದು ವೇದ, ವ್ಯಾಕರಣ, ದರ್ಶನಗಳ ವ್ಯಾಖ್ಯಾನ ನಡೆಯುವ ಸ್ಥಾನವೆಂದು ವರ್ಣಿಸುತ್ತದೆ. ದೀನರಿಗೂ ಅನಾಥರಿಗೂ ಅನ್ನ, ರೋಗಿಗಳಿಗೆ ಔಷಧ, ಸಕಲ ಜೀವಿಗಳಿಗೆ ಅಭಯ ದೊರೆಯುವ ಸ್ಥಾನವೆಂದೂ ಹೇಳುತ್ತದೆ. ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳನ್ನು ಶ್ರಾವಕಾಚಾರದಲ್ಲಿ ಓದಿ ಬೆಳೆದ ನನಗೆ ಈ ಶೈವ ಶಾಸನ ಎಂದೂ ಪರಕೀಯವೆನಿಸಿಲ್ಲ.

ಈ ಪಟ್ಟಿಯನ್ನು ನಾನು ಓದಿದ್ದು ಶಾಸನ ಸಂಪುಟಗಳಲ್ಲಿ. ಅದರ ಬಹುಪಾಲು ಇಂದಿಗೂ ಆಚರಣೆಯಲ್ಲಿರುವುದನ್ನು ಕಂಡದ್ದು, ವಿಚಿತ್ರವೆನಿಸಬಹುದು, ನ್ಯೂಯಾರ್ಕ್ ನಗರದಲ್ಲಿ. ಬೇಸಿಗೆಯ ರಜೆಯಲ್ಲಿ ಬಂಧುಗಳ ಮನೆಗೆ ಹೋಗಿದ್ದಾಗ ಕ್ವೀನ್ಸ್ ಭಾಗದ ಫ್ಲಶಿಂಗ್‌ನಲ್ಲಿರುವ ಶ್ರೀ ಮಹಾವಲ್ಲಭ ಗಣಪತಿ ದೇವಸ್ಥಾನಕ್ಕೆ ಎರಡು ಬಾರಿ ಹೋಗುವ ಅವಕಾಶ ದೊರೆಯಿತು.

1965ರ ವಲಸೆ ಕಾಯಿದೆಯ ತರುವಾಯ ಭಾರತದಿಂದ ವೈದ್ಯರೂ ಎಂಜಿನಿಯರರೂ ಹೆಚ್ಚಿನ ಸಂಖ್ಯೆಯಲ್ಲಿ ಅಮೆರಿಕಕ್ಕೆ ಬಂದರು. ಅವರಿಗಾಗಿ ದೇವಾಲಯವೊಂದು ಬೇಕೆಂದು ವಿಶ್ವಸಂಸ್ಥೆಯಲ್ಲಿ ಅಧಿಕಾರಿಯಾಗಿದ್ದ ಅಳಗಪ್ಪ ಅಳಗಪ್ಪನ್ ಮತ್ತು ಅವರ ಸಂಗಡಿಗರು ಸಂಕಲ್ಪಿಸಿದರು. 1970ರ ಜನವರಿ 26ರಂದು ಹಿಂದೂ ಟೆಂಪಲ್ ಸೊಸೈಟಿ ಆಫ್ ನಾರ್ತ್ ಅಮೆರಿಕ ನೋಂದಣಿಯಾಯಿತು. ಬೋನ್ ಸ್ಟ್ರೀಟಿನಲ್ಲಿ ಹಿಂದೆ ರಷ್ಯನ್ ಆರ್ಥೊಡಾಕ್ಸ್ ಚರ್ಚಿದ್ದ ನಿವೇಶನವನ್ನು ಕೊಂಡರು. ತಿರುಮಲ ತಿರುಪತಿ ದೇವಸ್ಥಾನದ ನೆರವು ದೊರೆಯಿತು. ಕಲ್ಲಿನ ವಿಗ್ರಹಗಳು ಭಾರತದಲ್ಲಿ ಸಿದ್ಧವಾಗಿ ಸಾಗರ ದಾಟಿದವು. 1977ರ ಜುಲೈ 4ರಂದು ಪ್ರತಿಷ್ಠಾಪನೆ ನೆರವೇರಿತು. ಮೊದಲ ದಿನಾಂಕ ಭಾರತದ ಗಣರಾಜ್ಯೋತ್ಸವ, ಎರಡನೆಯದು ಅಮೆರಿಕದ ಸ್ವಾತಂತ್ರ್ಯೋತ್ಸವ. ಎರಡು ನೆಲಗಳಿಗೂ ಸೇರಿದ ಜನರ ಗುಡಿ ಇದೆಂಬುದಕ್ಕೆ ಈ ದಿನಾಂಕಗಳೇ ಸಾಕು.

ಬೀದಿಗೂ ತನ್ನದೇ ಚರಿತ್ರೆಯಿದೆ. ಕ್ವೇಕರ್ ಪಂಥೀಯರ ಆರಾಧನೆಯನ್ನು ಡಚ್ ಗವರ್ನರ್ ನಿಷೇಧಿಸಿದಾಗ ಫ್ಲಶಿಂಗ್‌ನ ನಿವಾಸಿಗಳು 1657ರಲ್ಲಿ ಲಿಖಿತ ಪ್ರತಿಭಟನೆ ಸಲ್ಲಿಸಿದರು. ತನ್ನ ಮನೆಯಲ್ಲಿ ಅವರ ಸಭೆಗೆ ಎಡೆಗೊಟ್ಟ ಜಾನ್ ಬೋನ್ 1662ರಲ್ಲಿ ಬಂಧನಕ್ಕೂ ಅನಂತರ ಗಡೀಪಾರಿಗೂ ಗುರಿಯಾದನು. ಬೀದಿಗೆ ಅವನದೇ ಹೆಸರು. ಅವನ ಮನೆ ಅಲ್ಲಿ ಇಂದಿಗೂ ನಿಂತಿದೆ. ಅಭಯದಾನವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಟಿಪ್ಪಣಿ ನನಗೆ ಗೊತ್ತಿಲ್ಲ. 2022ರಲ್ಲಿ ದೇವಸ್ಥಾನದ ಬಳಿಯ ಭಾಗಕ್ಕೆ ಗಣೇಶ್ ಟೆಂಪಲ್ ಸ್ಟ್ರೀಟ್ ಎಂಬ ಹೆಸರೂ ಸೇರಿತು.

ಗರ್ಭಗುಡಿಯಲ್ಲಿ ಗಣಪತಿ, ಸುತ್ತಲೂ ಶಿವ, ಪಾರ್ವತಿ, ವೆಂಕಟೇಶ್ವರ, ಸುಬ್ರಹ್ಮಣ್ಯ ಮೊದಲಾದವರ ಸನ್ನಿಧಿಗಳು. ನಮ್ಮ ಊರುಗಳಲ್ಲಿ ಬೇರೆ ಬೇರೆ ಬೀದಿಗಳಲ್ಲಿ, ಬೇರೆ ಬೇರೆ ಆಗಮಗಳ ಆಶ್ರಯದಲ್ಲಿ ನೆಲೆಸುವ ದೇವರುಗಳು ಇಲ್ಲಿ ಒಂದೇ ಸೂರಿನಡಿ ನೆರೆಹೊರೆಯವರಾಗಿದ್ದಾರೆ. ಅನತಿ ದೂರದ ಎಲ್ಮ್‌ಹರ್ಸ್ಟ್‌ನ ಜೈನ ಕೇಂದ್ರದಲ್ಲಿ ಶ್ವೇತಾಂಬರ ಮಂದಿರ, ದಿಗಂಬರ ಮಂದಿರ, ಸ್ಥಾನಕವಾಸಿಗಳ ಉಪಾಶ್ರಯ ಒಂದೇ ಕಟ್ಟಡದಲ್ಲಿರುವುದನ್ನು ಕಂಡಾಗಲೂ ಇದೇ ಭಾವ ಮೂಡಿತು. ತವರಿನಲ್ಲಿ ತೀರ್ಥಕ್ಷೇತ್ರಗಳ ಒಡೆತನಕ್ಕಾಗಿ ನ್ಯಾಯಾಲಯದ ಮೆಟ್ಟಿಲು ಹತ್ತಿದ ಸಮುದಾಯ ನಮ್ಮದು. ಹೊರನಾಡಿನ ಒಂಟಿತನ ಕಲಿಸಿದ ಸಮನ್ವಯವನ್ನು ಅನೇಕಾಂತದ ಉಪನ್ಯಾಸಗಳು ಕಲಿಸಲಾಗಲಿಲ್ಲ.

ಆದರೆ ದೇವಸ್ಥಾನದ ನಿಜವಾದ ಬೆಳವಣಿಗೆ ಗರ್ಭಗುಡಿಯಿಂದ ಹೊರಗೆ ನಡೆದಿದೆ. 1998ರಲ್ಲಿ ಸಮುದಾಯ ಕೇಂದ್ರ ತೆರೆಯಿತು. ವೈದ್ಯೆ ಡಾ. ಉಮಾ ಮೈಸೂರೇಕರ್ ದಶಕಗಳಿಂದ ಸಂಸ್ಥೆಯ ಅಧ್ಯಕ್ಷತೆ ವಹಿಸಿದ್ದಾರೆ. ಸಭಾಂಗಣದಲ್ಲಿ ಸಂಗೀತ, ನೃತ್ಯ, ಮದುವೆಗೆ ಮಂಟಪ, ಮಕ್ಕಳಿಗೆ ಪಾಠಶಾಲೆ. ಗಣೇಶ ಚತುರ್ಥಿಯ ರಥ ಫ್ಲಶಿಂಗ್‌ನ ಬೀದಿಗಳಲ್ಲಿ ಸಾಗುತ್ತದೆ. ನೆಲಮಾಳಿಗೆಯ ಕ್ಯಾಂಟೀನಿನಲ್ಲಿ ದೋಸೆಗಾಗಿ ಸಾಲು ನಿಂತವರಲ್ಲಿ ಕೆಲವರು ಮೇಲಿನ ಗುಡಿಗೆ ಹೋಗಲೇ ಇಲ್ಲ. ಊಟ ಬೆಲೆಗೆ ದೊರೆಯುವುದರಿಂದ ಅದನ್ನು ಆಹಾರದಾನವೆನ್ನಲಾಗದು. ಆದರೂ ಒಂದೇ ಮೇಜಿನಲ್ಲಿ ಕುಳಿತ ಅಪರಿಚಿತರು ಊರು ಕೇರಿಗಳನ್ನು ವಿಚಾರಿಸಿಕೊಳ್ಳುತ್ತಿದ್ದರು.

ಒಂದು ವ್ಯತ್ಯಾಸವನ್ನು ಮರೆಯಬಾರದು. ಬಳ್ಳಿಗಾವೆಗೆ ಅರಸನ ಭೂದಾನವಿತ್ತು, ದತ್ತಿಗೆ ಅಳುಪಿದವರನ್ನು ಹೆದರಿಸಲು ಶಾಸನದ ಕೊನೆಯಲ್ಲಿ ಶಾಪಾಶಯವಿತ್ತು. ಬೋನ್ ಸ್ಟ್ರೀಟಿನಲ್ಲಿ ಎರಡೂ ಇಲ್ಲ. ಭಕ್ತರ ಕಾಣಿಕೆ, ಸ್ವಯಂಸೇವಕರ ಬಿಡುವಿನ ವೇಳೆ ಇವೇ ಅಲ್ಲಿನ ಮೂಲಧನ. ಕಟ್ಟಿದವರ ಮೊಮ್ಮಕ್ಕಳು ಅಲ್ಲಿ ಕಾಲಿಡದಿದ್ದರೆ ಯಾವ ಶಾಪವೂ ಅವರನ್ನು ತಟ್ಟದು. ಆದ್ದರಿಂದ ಅಲ್ಲಿ ಖಂಡಸ್ಫುಟಿತ ಜೀರ್ಣೋದ್ಧಾರವೆಂದರೆ ಕಲ್ಲಿನ ದುರಸ್ತಿಗಿಂತ ಹೆಚ್ಚಾಗಿ ತಲೆಮಾರಿನ ದುರಸ್ತಿ. ಪಾಠಶಾಲೆಯ ಬಾಗಿಲಲ್ಲಿ ತನ್ನೊಳಗೇ ಇಂಗ್ಲಿಷಿನಲ್ಲಿ ಹರಟುತ್ತ, ಅಜ್ಜಿಯೊಡನೆ ಮಾತ್ರ ತಡವರಿಸುತ್ತ ಮಾತೃಭಾಷೆಗೆ ಹೊರಳುತ್ತಿದ್ದ ಮಕ್ಕಳ ಗುಂಪನ್ನು ನೋಡುವಾಗ ಆ ಕೆಲಸದ ಕಷ್ಟ ಅರ್ಥವಾಯಿತು.

ನಮ್ಮ ನಾಡಿನಲ್ಲಿ ಎಷ್ಟೋ ಬಸದಿ, ದೇಗುಲಗಳಿಗೆ ಹೊಸ ಮಾಡು, ಹೊಸ ಗೋಪುರ ಬಂದಿವೆ. ಬೆಳಗಿನ ಪೂಜೆ ಮುಗಿದೊಡನೆ ಅವುಗಳಿಗೆ ಬೀಗ ಬೀಳುತ್ತದೆ. ಜೀರ್ಣೋದ್ಧಾರ ಸಮಿತಿಗಳು ಅಂದಾಜು ಪಟ್ಟಿ ಸಿದ್ಧಪಡಿಸುವಾಗ ಶಿಲೆ, ಗಾರೆಗಳ ಜೊತೆಗೆ ಸಂಜೆಯ ಒಂದು ಗಂಟೆಯ ಸ್ವಾಧ್ಯಾಯಕ್ಕೂ, ಊರಿನ ಮಕ್ಕಳ ಒಂದು ಹಾಡಿಗೂ ಒಂದು ಸಾಲು ಬರೆದುಕೊಳ್ಳಲಿ. ಅದು ಹೊಸ ವಿಚಾರವೇನಲ್ಲ; ನಮ್ಮ ಕಲ್ಲುಗಳ ಮೇಲೆ ಎಂದೋ ಕೆತ್ತಿಟ್ಟದ್ದು.