ತೇಜಸ್ವಿಯವರ ಗಾಳ

ಹೊಳೆಯ ದಂಡೆಯಲ್ಲಿ ಗಾಳ ಹಿಡಿದು ಕುಳಿತವನನ್ನು ಜನ ಸೋಮಾರಿಯೆಂದು ಬಗೆಯುವುದುಂಟು. ಕುವೆಂಪು ಅವರಂತಹ ಮಹಾಕವಿಯ ಮಗನೇ ಹಾಗೆ ಕುಳಿತಾಗ ನೋಡಿದವರಿಗೆ ಸೋಜಿಗವಾಗಿದ್ದರೆ ಅಚ್ಚರಿಯಿಲ್ಲ. ಆದರೆ ಪೂರ್ಣಚಂದ್ರ ತೇಜಸ್ವಿಯವರ ಪಾಲಿಗೆ ಹೊಳೆಯ ದಂಡೆ ಒಂದು ಪಾಠಶಾಲೆಯೇ ಆಗಿತ್ತು.

1938ರಲ್ಲಿ ಜನಿಸಿದ ತೇಜಸ್ವಿಯವರು ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿದರೂ ಅಧ್ಯಾಪಕ ವೃತ್ತಿಯನ್ನು ಅರಸಲಿಲ್ಲ. ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯಲ್ಲಿ ಕಾಫಿ ಬೆಳೆಗಾರರಾದರು. ಬೇಸಾಯ, ಬರವಣಿಗೆ, ಹಕ್ಕಿಗಳ ಛಾಯಾಗ್ರಹಣ ಇವುಗಳಂತೆಯೇ ಗಾಳ ಹಾಕುವುದೂ ಅವರಿಗೆ ಪ್ರಿಯವಾಗಿತ್ತು. ಮೀನು ಯಾವ ಮಡುವಿನಲ್ಲಿ ತಂಗುತ್ತದೆ, ಯಾವ ಎರೆಯನ್ನು ಬಯಸುತ್ತದೆ, ಹೊಸ ನೀರು ಬಂದಾಗ ಎತ್ತ ಸಾಗುತ್ತದೆ ಎಂಬುದನ್ನು ಗಾಳಗಾರನು ಕಣ್ಣಾರೆ ನೋಡಿಯೇ ಕಲಿಯಬೇಕು. ನೋಡುವುದು, ಊಹಿಸುವುದು, ಊಹೆ ತಪ್ಪಿದರೆ ಮತ್ತೆ ನೋಡುವುದು. ವಿಜ್ಞಾನದ ದಾರಿಯೂ ಇದೇ ಅಲ್ಲವೆ?

1980ರಲ್ಲಿ ಪ್ರಕಟವಾದ ಅವರ 'ಕರ್ವಾಲೊ' ಕಾದಂಬರಿಯಲ್ಲಿ ಈ ವಿಚಾರ ಮೈದಾಳಿದೆ. ಅಲ್ಲಿಯ ಮಂದಣ್ಣ ಊರವರ ಕಣ್ಣಿಗೆ ಕೆಲಸಕ್ಕೆ ಬಾರದವನು. ವಿಜ್ಞಾನಿ ಕರ್ವಾಲೊ ಮಾತ್ರ ಅವನಲ್ಲಿ ನಿಸರ್ಗವನ್ನು ಬಲ್ಲವನನ್ನು ಕಾಣುತ್ತಾರೆ. ಹಾರುವ ಓತಿಯನ್ನು ಅರಸುವಾಗ ಅವನನ್ನೂ ಜೊತೆಗೆ ಕರೆದೊಯ್ಯುತ್ತಾರೆ. ಪದವಿಯಿಲ್ಲದವನಿಗೂ ಅರಿವು ಇರಬಲ್ಲದು ಎಂಬುದೇ ಆ ಕೃತಿಯ ತಿರುಳು.

ಗಾಳಕ್ಕೆ ಒಂದು ಸಲಕ್ಕೆ ಸಿಗುವುದು ಒಂದೇ ಮೀನು. ಮಡುವಿಗೆ ತೋಟೆ ಎಸೆದರೆ ತಾಯಿಮೀನಿನೊಡನೆ ಮರಿಗಳೂ ಮಡಿಯುತ್ತವೆ. ಹೂಳು ತುಂಬಿದರೆ ಕಲ್ಲುಹರಳಿನ ನಡುವೆ ಇಟ್ಟ ಮೊಟ್ಟೆಗಳು ಉಸಿರುಗಟ್ಟುತ್ತವೆ. ಅಣೆಕಟ್ಟು ಎದ್ದರೆ ಮೊಟ್ಟೆಯಿಡಲು ಮೇಲಕ್ಕೆ ಸಾಗುವ ಮಹಶೀರಿನಂತಹ ಮೀನಿಗೆ ದಾರಿ ಮುಚ್ಚುತ್ತದೆ.

ಇದು ಮೀನಿನ ಕಷ್ಟ ಮಾತ್ರವಲ್ಲ. ಗಂಗಾಮೂಲದಲ್ಲಿ ಹುಟ್ಟುವ ಭದ್ರೆಗೆ, 2005ರ ಕೊನೆಯಲ್ಲಿ ಗಣಿಗಾರಿಕೆ ನಿಲ್ಲುವವರೆಗೂ, ಕುದುರೆಮುಖದಿಂದ ಹೂಳು ಹರಿದು ಬರುತ್ತಿತ್ತು. ಅದೇ ಭದ್ರೆಯ ನೀರು ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯ ಬಳಿ ಜಲಾಶಯವಾಗಿ ನಿಲ್ಲುತ್ತದೆ. ಆ ನೀರನ್ನು ಅಜ್ಜಂಪುರದ ಬಳಿ ಕೊರೆದ ಸುರಂಗದ ಮೂಲಕ ಬಯಲುಸೀಮೆಗೆ ಹರಿಸುವುದು ಭದ್ರಾ ಮೇಲ್ದಂಡೆ ಯೋಜನೆಯ ಗುರಿ. ಕಡೂರು ಸೀಮೆಯಲ್ಲಿ ವೇದಾ, ಅವತಿ ಎಂಬ ತೊರೆಗಳು ಕೂಡಿ ಹುಟ್ಟುವ ವೇದಾವತಿಗೂ ಹೀಗೆ ಭದ್ರೆಯ ನಂಟು ಬೆಳೆದಿದೆ. ಮಲೆನಾಡಿನ ಹೊಳೆ ಕೆಟ್ಟರೆ ಅದರ ಫಲವನ್ನು ಬಯಲಿನ ಊರುಗಳೂ ಉಣ್ಣಬೇಕಾಗುತ್ತದೆ. ಆದರೆ ಊರಿಗೆ ತಿಳಿಯುವುದಕ್ಕೆ ಮೊದಲೇ ಆ ಕೇಡು ಮೀನಿಗೆ ತಿಳಿಯುತ್ತದೆ. ಮೀನಿನ ಮೂಲಕ, ದಂಡೆಯಲ್ಲಿ ಕುಳಿತ ಗಾಳಗಾರನಿಗೆ ತಿಳಿಯುತ್ತದೆ.

ತೇಜಸ್ವಿಯವರು 2007ರ ಏಪ್ರಿಲ್ 5ರಂದು ತೀರಿಕೊಂಡರು. ಅವರ ಬರಹವನ್ನು ಓದಿದವರು ಹೊಳೆಯನ್ನು ಬರಿಯ ನೀರೆಂದು ಎಣಿಸಲಾರರು. ಗಾಳದ ಬೆಂಡು ಅಲುಗದೆ ನಿಂತಾಗ, ಮೀನು ಏಕೆ ಬರಲಿಲ್ಲವೆಂದು ಕೇಳುವವನೇ ಹೊಳೆಯ ನಿಜವಾದ ಗೆಳೆಯ.